ಮಾತು ನಿಂತ ಗೆಳೆಯನ ಮನೆಗೆ

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿಗಾದರೂ ಲಕ್ವಾ ಹೊಡೆಯಿತೆಂದರೆ ಮೊದಲ ಹದಿನೈದು ದಿನ ಆ ಮನೆಯಲ್ಲಿ ಕೂಡಲು ಜಾಗ ಸಿಗುವುದಿಲ್ಲ. ಎಳನೀರು, ಮೋಸಂಬಿ, ಡಜನ್ ಬಾಳೆಹಣ್ಣು, ಮಠದಿಂದ ತಂದ ವಿಭೂತಿ. ಒಬ್ಬರು ಎದ್ದರೆ ಇನ್ನೊಬ್ಬರು ಕೂಡುತ್ತಾರೆ. ಮಂಚದ ಮೇಲೆ ಮಲಗಿದವರ ಎದುರಿಗೇ ಅವರ ಹೆಂಡತಿಯನ್ನು ಕೇಳುತ್ತಾರೆ: "ಈಗ ಹೆಂಗದಾರ್ರೀ? ಮಂದಿ ಗುರ್ತು ಹಿಡೀತಾರೇನು?" ಇನ್ನೂ ಕೆಲವರು ಬಗ್ಗಿ, ಮುಖದ ಹತ್ತಿರ ಮುಖ ತಂದು, ಮೂರು ಮನೆಗೆ ಕೇಳುವ ಹಾಗೆ ಕೂಗಿ ಪರೀಕ್ಷೆಯನ್ನೇ ಇಡುತ್ತಾರೆ: "ನಾ ಯಾರು ಹೇಳ್ರಿ ನೋಡೋಣು?" ಮಲಗಿದವರು ಬಾಯಿ ತೆರೆಯುತ್ತಾರೆ. ಏನೋ ಸಪ್ಪಳ ಬರುತ್ತದೆ, ಹೆಸರು ಬರುವುದಿಲ್ಲ. ಕಣ್ಣು ತುಂಬುತ್ತದೆ. ಬಂದವರು ಹೊರಗೆ ಚಪ್ಪಲಿ ಮೆಟ್ಟುತ್ತ ತಮ್ಮೊಳಗೆ ಮಾತಾಡಿಕೊಳ್ಳುತ್ತಾರೆ: "ಪಾಪ, ಅವರಿಗೇನೂ ತಿಳಿಯಂಗಿಲ್ಲ."

ಮೂರನೆಯ ತಿಂಗಳಿಗೆ ಆ ಬಾಗಿಲಲ್ಲಿ ಮನೆಯವರ ಚಪ್ಪಲಿ ಮಾತ್ರ ಉಳಿದಿರುತ್ತವೆ.

ನಾನು ಇವತ್ತು ಮಾತಾಡಬೇಕೆಂದಿರುವುದು ಈ ಮೂರನೆಯ ತಿಂಗಳ ಬಗ್ಗೆ, ಅದರ ಮುಂದಿನ ವರ್ಷಗಳ ಬಗ್ಗೆ. ಲಕ್ವಾದ ಔಷಧದ ಬಗ್ಗೆ ಹೇಳಲು ಡಾಕ್ಟರರಿದ್ದಾರೆ. ಒಂದು ಮಾತನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ನಿಂತ ನಿಲುವಿನಲ್ಲಿ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊಡರಿದರೆ ಅಥವಾ ನಿಂತುಹೋದರೆ, ಎಣ್ಣೆ ತಿಕ್ಕುವುದು, ನಾಟಿ ಔಷಧಿ ಹುಡುಕುವುದು ಬೇಡ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ನಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ತಾಸು. ಅಷ್ಟರೊಳಗೆ ಸ್ಕ್ಯಾನ್ ಆಗಿ, ಯಾವ ಬಗೆಯ ಪೆಟ್ಟೆಂದು ಗೊತ್ತಾಗಬೇಕು. ಸೀದಾ ದೊಡ್ಡ ಆಸ್ಪತ್ರೆಗೆ ನಡೆಯಿರಿ.

ಇನ್ನು ನಮ್ಮ ವಿಷಯ. ಲಕ್ವಾ ಆದವರಲ್ಲಿ ಹೆಚ್ಚುಕಡಿಮೆ ಮೂವರಿಗೆ ಒಬ್ಬರಂತೆ ಭಾಷೆಗೆ ಪೆಟ್ಟು ಬೀಳುತ್ತದೆ. ಡಾಕ್ಟರರು ಇದನ್ನು ಅಫೇಸಿಯಾ ಅನ್ನುತ್ತಾರೆ. ಬಹುತೇಕ ಜನರಲ್ಲಿ ಭಾಷೆಯ ಕೆಲಸ ನಡೆಯುವುದು ಮೆದುಳಿನ ಎಡಭಾಗದಲ್ಲಿ. ಎಡಭಾಗಕ್ಕೆ ರಕ್ತ ನಿಂತರೆ ಬಲಗೈ, ಬಲಗಾಲು ಬೀಳಬಹುದು, ಜೊತೆಗೆ ಮಾತೂ ಬೀಳಬಹುದು. ಕೆಲವರಿಗೆ ಎದುರಿನವರು ಅಂದದ್ದು ತಿಳಿಯುತ್ತದೆ, ತಾವು ಆಡಲಿಕ್ಕೆ ಆಗುವುದಿಲ್ಲ. ಕೆಲವರು ಪಟಪಟ ಮಾತಾಡುತ್ತಾರೆ, ಆದರೆ ಶಬ್ದಗಳು ಅದಲುಬದಲಾಗಿ ಅರ್ಥ ಕೂಡುವುದಿಲ್ಲ. ಇಂಥವರನ್ನು ನೋಡಿ "ತಲಿ ಕೆಟ್ಟದ" ಅಂದುಬಿಡುವವರು ಈಗಲೂ ಇದ್ದಾರೆ. ಮತ್ತೆ ಕೆಲವರಿಗೆ ಎಲ್ಲ ಸರಿ, ಹೆಸರುಗಳು ಮಾತ್ರ ಕೈಕೊಡುತ್ತವೆ. ನೆನಪು, ಲೆಕ್ಕಾಚಾರ, ಅಭಿಮಾನ, ಚೇಷ್ಟೆ, ಯಾರು ತನ್ನವರು ಯಾರು ಅಲ್ಲ ಅನ್ನುವ ತಿಳಿವಳಿಕೆ, ಇವೆಲ್ಲ ಬಹಳ ಜನರಲ್ಲಿ ಇದ್ದ ಹಾಗೇ ಇರುತ್ತವೆ. ಹುಬ್ಬಳ್ಳಿ ಪೇಟೆಯ ಮಾತಿನಲ್ಲಿ ಹೇಳುವುದಾದರೆ ಅಂಗಡಿಯೊಳಗೆ ಮಾಲು ಎಲ್ಲ ಅದ, ಶಟರ್ ಏಳವಲ್ದು. ಹೊರಗೆ ನಿಂತವರು ಅಂಗಡಿ ಖಾಲಿ ಆಗಿದೆ ಅಂತ ತಿಳಿದು ಹೋಗಿಬಿಡುತ್ತಾರೆ.

ಈಗ ತಿಳಿಯಿತಲ್ಲ, "ನಾ ಯಾರು ಹೇಳ್ರಿ" ಅನ್ನುವುದು ಎಂಥ ಪ್ರಶ್ನೆ ಅಂತ? ನಿಮ್ಮನ್ನು ಅವರು ಗುರುತು ಹಿಡಿದಿರುತ್ತಾರೆ. ನಲವತ್ತು ವರ್ಷದ ಹಿಂದೆ ನೀವು ಇಸಿದುಕೊಂಡು ತಿರುಗಿ ಕೊಡದ ನೂರು ರೂಪಾಯಿಯೂ ನೆನಪಿರಬಹುದು. ಹೆಸರು ಹೇಳುವುದೇ ಅವರಿಗೆ ಎಲ್ಲಕ್ಕಿಂತ ಕಠಿಣ ಕೆಲಸ, ನೀವು ಅದನ್ನೇ ಕೇಳಿದಿರಿ. ಹೋದ ಕೂಡಲೇ "ಸರ, ನಾ ನಿಮ್ಮ ಜೋಡಿ ಬ್ಯಾಂಕಿನ್ಯಾಗ ಇದ್ದಾಂವ" ಅಂತ ನೀವೇ ಹೆಸರು ಹೇಳಿಕೊಂಡರೆ ನಿಮ್ಮ ಗಂಟೇನೂ ಹೋಗುವುದಿಲ್ಲ.

ಗೆಳೆಯರು ಯಾಕೆ ದೂರವಾಗುತ್ತಾರೆ? ಅವರು ಕೆಟ್ಟವರು ಅಂತ ನಾನು ಅನ್ನುವುದಿಲ್ಲ. ಲಂಡನ್ನಿನಲ್ಲಿ ಸಾರಾ ನಾರ್ತ್‌ಕಾಟ್ ಮತ್ತು ಕಟೆರಿನಾ ಹಿಲಾರಿ ಎಂಬ ಇಬ್ಬರು ಸಂಶೋಧಕರು ಲಕ್ವಾ ಆದವರನ್ನೇ ಇದೇ ಪ್ರಶ್ನೆ ಕೇಳಿ, ಸಿಕ್ಕ ಉತ್ತರಗಳನ್ನು 2011ರಲ್ಲಿ ಪ್ರಕಟಿಸಿದರು. ಬಂಧುಗಳು ಹೆಚ್ಚಾಗಿ ಉಳಿಯುತ್ತಾರೆ, ಕಳೆದುಹೋಗುವವರು ಗೆಳೆಯರು ಅಂತ ಅವರಿಗೆ ಕಂಡಿತು. ಜನ ಹೇಳಿದ ಕಾರಣಗಳಲ್ಲಿ ದಣಿವಿತ್ತು, ಮೈಯ ಅಸಹಾಯಕತೆ ಇತ್ತು, ಮಾತಿನ ತೊಡಕಿತ್ತು, ಎದುರಿನವರ ವರ್ತನೆ ಇತ್ತು. ಕೂಡಿ ಮಾಡುತ್ತಿದ್ದ ಕೆಲಸಗಳು ನಿಂತುಹೋದದ್ದೂ ಇತ್ತು.

ಆ ಕೊನೆಯ ಕಾರಣ ಓದಿದಾಗ ನನಗೆ ನಮ್ಮ ಊರೇ ಕಣ್ಣಿಗೆ ಕಟ್ಟಿತು. ನಾವು ಗೆಳೆಯರು ಕೂಡಿ ಮಾಡುವ ಕೆಲಸ ಯಾವುದು? ಮಾತಾಡುವುದು, ಮತ್ತೊಂದಿಲ್ಲ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡ ಊರು ಇದು. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ಹರಟೆ ಹೊಡೆದವರಿಂದ ಎಷ್ಟು ಪುಸ್ತಕ ಹುಟ್ಟಿದವೋ! ಸಾಹಿತ್ಯದ ಗಾಳಿ ಸೋಕದವರೂ ಸಂಜೆಯಾದರೆ ಒಂದು ಕೈಯಲ್ಲಿ ಗಿರಮಿಟ್ಟು, ಇನ್ನೊಂದು ಕೈಯಲ್ಲಿ ಮಿರ್ಚಿ ಭಜಿ ಹಿಡಿದು ಮುನಸಿಪಾಲ್ಟಿಯಿಂದ ಅಮೆರಿಕದ ತನಕ ಎಲ್ಲದಕ್ಕೂ ತೀರ್ಪು ಕೊಡುತ್ತಾರೆ. ಮಾತೊಂದನ್ನೇ ನಂಬಿಕೊಂಡ ಸ್ನೇಹದಲ್ಲಿ ಮಾತು ಹೋಯಿತೆಂದರೆ ಗೆಳೆಯನ ಎದುರಿಗೆ ಕೂತು ಏನು ಮಾಡಬೇಕೋ ತಿಳಿಯುವುದಿಲ್ಲ. ಐದು ನಿಮಿಷ ಸುಮ್ಮನೆ ಕೂತರೆ ಜೀವ ಚಡಪಡಿಸುತ್ತದೆ. "ಬರ್ತೀನ್ರಿ, ಆರಾಮ ಮಾಡ್ರಿ" ಅಂತ ಎದ್ದುಬಿಡುತ್ತೇವೆ. ಮುಂದಿನ ಸಲ ಹೋಗುವುದಿಲ್ಲ. ಆಮೇಲೆ, ಇಷ್ಟು ದಿನ ಹೋಗಲಿಲ್ಲವಲ್ಲ ಅನ್ನುವ ನಾಚಿಕೆಗೆ ಮತ್ತೆ ಹೋಗುವುದಿಲ್ಲ.

ನಮ್ಮ ಬಳಗದಲ್ಲಿ ಒಬ್ಬರಿದ್ದಾರೆ, ಹೆಸರು ಬೇಡ. ದುರ್ಗದಬೈಲಿನ ಹತ್ತಿರ ಅರಿವೆ ಅಂಗಡಿ ನಡೆಸಿದವರು. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಗಿರಾಕಿಯನ್ನು ಬಗ್ಗಿಸಿದ ಬಾಯಿ ಅದು. ಲಕ್ವಾ ಆದ ಮೇಲೆ ಆ ಬಾಯಿಯಲ್ಲಿ ಉಳಿದದ್ದು "ಆತು" ಅನ್ನುವುದೊಂದೇ. ನೀರು ಬೇಕಾದರೂ ಆತು, ನೀರು ಬೇಡವಾದರೂ ಆತು. ಮೊದಮೊದಲು ನಮಗೆ ತಲೆಬುಡ ಹತ್ತಲಿಲ್ಲ. ಒಂದು ದಿನ ಗೆಳೆಯರೊಬ್ಬರು ಇಸ್ಪೀಟಿನ ಕಟ್ಟು ತೆಗೆದುಕೊಂಡು ಹೋದರು. ಬಲಗೈ ಏಳುವುದಿಲ್ಲ, ಎಡಗೈ ಒಂದರಲ್ಲೇ ಹದಿಮೂರು ಎಲೆ ಹಿಡಿದು ಜೋಡಿಸುವುದು ಹೇಗೆ? ಓಣಿಯ ಬಡಿಗೇರರು ಗೇಣುದ್ದದ ಎರಡು ಸಾಗವಾನಿ ಪಟ್ಟಿಯಲ್ಲಿ ಉದ್ದಕ್ಕೂ ಗೀರು ಕೊರೆದು ಕೊಟ್ಟರು. ಎಲೆಗಳನ್ನು ಅದರಲ್ಲಿ ಸಿಗಿಸಿ ನಿಲ್ಲಿಸಿದರೆ ಆಯಿತು. ರಮ್ಮಿ ಶುರುವಾಯಿತು. ಅವರು ಎಡಗೈಯಿಂದ ಎಲೆಗಳನ್ನು ಆಚೀಚೆ ಮಾಡಿದರು, ಬೇಡದ ಎಲೆ ಬಿಟ್ಟರು, ನಾವು ಬಿಟ್ಟದ್ದನ್ನು ಗಪ್ಪನೆ ಎತ್ತಿಕೊಂಡರು. ಎದುರಿನವರು ಗುಲಾಮ ಬಿಡುವ ತಪ್ಪು ಮಾಡಿದಾಗ ಹೊಟ್ಟೆ ಹಿಡಿದು ನಕ್ಕು "ಆತು! ಆತು!" ಅಂದರು. ಆ "ಆತು"ವಿನ ಅರ್ಥ ಅಲ್ಲಿದ್ದ ಎಲ್ಲರಿಗೂ ತಿಳಿಯಿತು, ಸೋತವರಿಗೆ ಇನ್ನೂ ಚೆನ್ನಾಗಿ ತಿಳಿಯಿತು. ಬಾಗಿಲ ಹತ್ತಿರ ನಿಂತಿದ್ದ ಅವರ ಮನೆಯವರು, ಲಕ್ವಾ ಆದ ಮೇಲೆ ಅವರು ಹಿಂಗ ನಕ್ಕದ್ದು ಇದೇ ಮೊದಲು ಅಂದರು.

ಒಂದೇ ಶಬ್ದದ ಮೇಲೆ ಬದುಕಿದ ಇನ್ನೊಬ್ಬರು ವೈದ್ಯಶಾಸ್ತ್ರದ ಚರಿತ್ರೆಯಲ್ಲೇ ಇದ್ದಾರೆ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ವೈದ್ಯರು ನೋಡಿದ ರೋಗಿಗೆ ಬರುತ್ತಿದ್ದದ್ದು "ಟಾನ್" ಅನ್ನುವುದೊಂದೇ. ಆಸ್ಪತ್ರೆಯಲ್ಲಿ ಎಲ್ಲರೂ ಆತನನ್ನು ಟಾನ್ ಅಂತಲೇ ಕರೆದರು. ಆತ ಅದೊಂದು ಶಬ್ದವನ್ನೇ ಏರಿಸಿ ಇಳಿಸಿ, ಕೈಸನ್ನೆ ಸೇರಿಸಿ ಬಹಳಷ್ಟನ್ನು ತಿಳಿಸುತ್ತಿದ್ದ. ಎದುರಿನವರಿಗೆ ತಿಳಿಯದೆ ಸಿಟ್ಟು ನೆತ್ತಿಗೇರಿದರೆ ಮಾತ್ರ ದೇವರ ಹೆಸರೆತ್ತಿ ಒಂದು ಬೈಗುಳ ನಿಚ್ಚಳವಾಗಿ ಹೊರಬರುತ್ತಿತ್ತು.

ಈ ಬೈಗುಳದ ಸಂಗತಿ ನಮ್ಮ ಮನೆಗಳಲ್ಲೂ ಇದೆ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಜೀವಮಾನದಲ್ಲಿ ಒಂದು ಹೊಲಸು ಮಾತಾಡದ ಮಾಸ್ತರರು, ಅಜ್ಜಂದಿರು, ಲಕ್ವಾ ಆದ ಮೇಲೆ "ನೀರು ಕೊಡು" ಅನ್ನಲಾರರು, ಆದರೆ ಬೈಗುಳ ಮಾತ್ರ ಪೂರ್ತಿ ಬರುತ್ತದೆ. ಹಾಗೆಯೇ "ಶಿವಾ ಶಿವಾ" ಬರುತ್ತದೆ, ಒಂದರಿಂದ ಹತ್ತು ಬರುತ್ತದೆ, ವಾರದ ಹೆಸರು ಸಾಲಾಗಿ ಬರುತ್ತವೆ. ಯೋಚಿಸಿ ಕಟ್ಟುವ ಮಾತಿಗೂ ರೂಢಿಯಿಂದ ತಾನಾಗಿ ಹೊರಡುವ ಮಾತಿಗೂ ಮೆದುಳಿನಲ್ಲಿ ಒಂದೇ ಹಾದಿ ಇಲ್ಲ. ಇದು ಗೊತ್ತಿಲ್ಲದ ಮನೆಯವರು ನಾಲ್ಕು ಜನರೆದುರು ಮರ್ಯಾದೆ ಹೋದೀತೆಂದು ಅವರನ್ನು ಒಳಗಿನ ಖೋಲಿಯಲ್ಲೇ ಕೂಡಿಸುತ್ತಾರೆ. ಬಂದವರಿಗೆ ಇಷ್ಟು ಹೇಳಿದರೆ ಸಾಕು: "ಅದು ಅವರ ಕೈಯಾಗಿಲ್ಲ, ಮನಸ್ಸಿಗೆ ಹಚಿಗೋಬ್ಯಾಡ್ರಿ."

ಹಾಡಿನ ಕಥೆಯೂ ಹೀಗೆಯೇ. ಒಂದು ವಾಕ್ಯ ಕೂಡಿಸಲಾರದವರು ಬಲ್ಲ ಪದವನ್ನು ರಾಗದ ಮೇಲೆ ಹಾಡಿಬಿಡುತ್ತಾರೆ. ಅಮೆರಿಕದ ಬಾಸ್ಟನ್ನಿನಲ್ಲಿ 1970ರ ದಶಕದಲ್ಲಿ ಇದನ್ನೇ ಹಿಡಿದು ರಾಗದ ಮೂಲಕ ಮಾತು ಕಲಿಸುವ ಒಂದು ಚಿಕಿತ್ಸೆಯನ್ನೂ ಕಟ್ಟಿದರು. ಹಾಡು ಬಂದ ಮಾತ್ರಕ್ಕೆ ಮಾತು ಬಂತು ಅಂತಲ್ಲ, ಆ ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ. ಆದರೆ ಮಲ್ಲಿಕಾರ್ಜುನ ಮನಸೂರರ, ಗಂಗೂಬಾಯಿ ಹಾನಗಲ್ಲರ ಊರುಗಳಲ್ಲಿ, ಓಣಿಗೊಂದು ಭಜನಾ ಮಂಡಳಿ ಇರುವಲ್ಲಿ, ಇಂಥವರನ್ನು ಮನೆಯಲ್ಲಿ ಯಾಕೆ ಬಿಟ್ಟುಹೋಗಬೇಕು? ಭಜನೆಯಲ್ಲಿ ಯಾರೂ ಯಾರಿಗೂ ಪ್ರಶ್ನೆ ಕೇಳುವುದಿಲ್ಲ. ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಹಿಂದಿನಿಂದ ಅನ್ನುತ್ತಾರೆ. ಶಬ್ದ ತಪ್ಪಿದರೆ ಹತ್ತು ಜನರ ದನಿಯಲ್ಲಿ ಮುಚ್ಚಿಹೋಗುತ್ತದೆ. ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕಬಹುದು. ಮಾತು ಹೋದವರಿಗೆ ಇದಕ್ಕಿಂತ ಸಲೀಸಾದ ಸಭೆಯನ್ನು ನಾನು ಕಂಡಿಲ್ಲ.

ಹೆಣ್ಣುಮಕ್ಕಳ ವಿಷಯವಂತೂ ಇನ್ನೂ ಕಠಿಣ. ಗಂಡಸಿಗೆ ಮಾತು ಹೋದರೆ "ಪಾಪ, ಮಂದ್ಯಾಗಿದ್ದ ಮನಷ್ಯಾ" ಅಂತ ಮರುಗುತ್ತೇವೆ. ಹೆಂಗಸಿಗೆ ಹೋದರೆ, ಕೈಕಾಲು ಆಡುತ್ತವೆ, ಅಡುಗೆ ಮಾಡುತ್ತಾಳೆ, ಸಾಕಲ್ಲ ಅನ್ನುತ್ತೇವೆ. ಅವಳಿಗೂ ಗೆಳತಿಯರಿದ್ದರು, ಸ್ವಸಹಾಯ ಸಂಘದ ವಾರದ ಸಭೆ ಇತ್ತು, ಅರಿಷಿಣ-ಕುಂಕುಮದ ಕರೆ ಇತ್ತು ಅನ್ನುವುದು ಯಾರ ಲೆಕ್ಕಕ್ಕೂ ಬರುವುದಿಲ್ಲ. "ಅವರು ಬಂದು ಏನು ಮಾತಾಡ್ತಾರ" ಅಂತ ಕರೆಯುವುದನ್ನೇ ಬಿಡುತ್ತಾರೆ. ತಾಯಂದಿರೇ, ಕರೆಯಿರಿ. ಉಡಿ ತುಂಬಿಸಿಕೊಳ್ಳಲು ಮಾತು ಬೇಕಿಲ್ಲ.

ಈಗ, ಅಂಥವರ ಮನೆಗೆ ಹೋದಮೇಲೆ ಏನು ಮಾಡಬೇಕು? ಕೆನಡಾದ ಟೊರೊಂಟೊದಲ್ಲಿ ಪ್ಯಾಟ್ ಆರಾಟೊ ಎಂಬ ಹೆಣ್ಣುಮಗಳು, ತನ್ನ ಗಂಡನಿಗೆ ಅಫೇಸಿಯಾ ಆದಮೇಲೆ, 1979ರಲ್ಲಿ ಇಂಥವರಿಗಾಗಿ ಒಂದು ಕೇಂದ್ರ ತೆರೆದಳು. ಅಲ್ಲಿ ಕೆಲಸ ಮಾಡಿದ ಆರಾ ಕೇಗನ್ ಎಂಬ ವಾಕ್ ಚಿಕಿತ್ಸಕಿ ಹೊಸದೊಂದು ದಾರಿ ಹಿಡಿದರು. ಅವರು ತರಬೇತಿ ಕೊಟ್ಟದ್ದು ಮಾತು ಹೋದವರಿಗಲ್ಲ, ಅವರೊಡನೆ ಮಾತಾಡಲು ಬರುವ ಸ್ವಯಂಸೇವಕರಿಗೆ. 2001ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಎದುರಿನವರು ಕಲಿತುಬಂದಾಗ, ತರಬೇತಿಯನ್ನೇ ಪಡೆಯದ ಅಫೇಸಿಯಾದವರೂ ಮಾತುಕತೆಯಲ್ಲಿ ಸುಧಾರಿಸಿದ್ದು ಕಂಡುಬಂತು. ನನ್ನ ಇಡೀ ಭಾಷಣದ ತಿರುಳು ಇಷ್ಟೇ. ಕಲಿಯಬೇಕಾದವರು ನಾವು.

ಕಲಿಯುವುದೂ ದೊಡ್ಡ ವಿದ್ಯೆಯಲ್ಲ. ಟಿ.ವಿ. ಬಂದ್ ಮಾಡಿರಿ. ಒಬ್ಬರೋ ಇಬ್ಬರೋ ಹೋಗಿರಿ. ಆರು ಜನ ಒಮ್ಮೆಲೇ ಮಾತಾಡುವ ನಮ್ಮ ರೂಢಿ ಅವರಿಗೆ ಹಿಂಸೆ. ಅವರಿಗೆ ಕಿವಿ ಕೇಳುತ್ತದೆ, ಕೂಗಬೇಡಿ. ಸಣ್ಣ ಸಣ್ಣ ಮಾತಾಡಿ, ನಡುವೆ ನಿಲ್ಲಿರಿ. ನೀವು ಕೇಳಿದ ಪ್ರಶ್ನೆಗೆ ಉತ್ತರ ಬರಲು ಸಮಯ ಹಿಡಿಯುತ್ತದೆ, ಗಡಿಬಿಡಿಯಿಂದ ಅವರ ಬಾಯಿಗೆ ನಿಮ್ಮ ಶಬ್ದ ತುರುಕಬೇಡಿ. ತಿಳಿಯದಿದ್ದರೆ ತಿಳಿದಂತೆ ತಲೆಯಾಡಿಸಬೇಡಿ. "ನನಗ ತಿಳೀಲಿಲ್ರಿ, ನಿಮಗ ಗೊತ್ತದ ಅನ್ನೋದು ನನಗ ಗೊತ್ತದ, ಇನ್ನೊಮ್ಮೆ ನೋಡೋಣು" ಅನ್ನಿರಿ. ಈ ಒಂದು ಮಾತಿಗೆ ಅವರ ಮುಖ ಹೇಗೆ ಅರಳುತ್ತದೆ ಎಂಬುದನ್ನು ನೀವೇ ನೋಡಬೇಕು.

ಜೇಬಿನಲ್ಲಿ ಒಂದು ನೋಟ್‌ಬುಕ್ಕು, ದಪ್ಪ ಪೆನ್ನು ಇರಲಿ. ಆದರೆ ಅದನ್ನು ಅವರ ಕೈಗೆ ಕೊಟ್ಟು "ಬರದು ತೋರಿಸ್ರಿ" ಅನ್ನಬೇಡಿ. ಭಾಷೆಗೆ ಬಿದ್ದ ಪೆಟ್ಟು ಹೆಚ್ಚಾಗಿ ಓದು-ಬರಹಕ್ಕೂ ಬಿದ್ದಿರುತ್ತದೆ. ಬರೆಯಬೇಕಾದವರು ನೀವು. ಊರ ಸುದ್ದಿ ಹೇಳುವಾಗ ಮುಖ್ಯವಾದ ಒಂದು ಶಬ್ದ, "ಮದುವಿ", "ಧಾರವಾಡ", "ಬುಧವಾರ" ಅಂತ ದೊಡ್ಡದಾಗಿ ಬರೆದು ಮುಂದಿಡಿರಿ. ಆಮೇಲೆ ಹಾಳೆಯಲ್ಲಿ ಒಂದು ಕಡೆ "ಹೌದು", ಇನ್ನೊಂದು ಕಡೆ "ಅಲ್ಲ" ಬರೆದು ಬೆರಳಿಡಲು ಹೇಳಿರಿ. ನಮ್ಮ ತಲೆಯಾಟವನ್ನು ನಂಬಬೇಡಿ. ಆರಾಮಿದ್ದವರೇ ತಲೆ ಅಲ್ಲಾಡಿಸಿದರೆ ಹೌದೋ ಅಲ್ಲವೋ ಗೊತ್ತಾಗದ ನಾಡು ನಮ್ಮದು. ಅಫೇಸಿಯಾ ಇದ್ದವರು ಹೂಂ ಅನ್ನಲು ಹೋಗಿ ಊಹೂಂ ಅಂದಿರುತ್ತಾರೆ.

ಮತ್ತೊಂದು ಸಂಗತಿ ನನ್ನನ್ನು ಬಹಳ ಚುಚ್ಚುತ್ತದೆ. ನಿನ್ನೆಯವರೆಗೆ "ಸಾಹೇಬರ", "ಗೌಡ್ರ", "ಅಕ್ಕಾರ" ಅನ್ನಿಸಿಕೊಂಡವರಿಗೆ ಮಾತು ಹೋದ ಮರುದಿನವೇ ಏಕವಚನ ಬೀಳುತ್ತದೆ. "ಬಾಯಿ ತೆಗಿ, ಶ್ಯಾಣೇ ಅದಿ, ಉಣ್ಣು ನೋಡೋಣು." ಪ್ರೀತಿಯಿಂದಲೇ ಅನ್ನುತ್ತಾರೆ, ಒಪ್ಪಿದೆ. ಆದರೆ ಎಪ್ಪತ್ತು ವರ್ಷದ ಮನುಷ್ಯ ಮಾತು ನಿಂತ ಮಾತ್ರಕ್ಕೆ ಕೂಸಾಗುವುದಿಲ್ಲ. ಮೊದಲು ಹೇಗೆ ಕರೆಯುತ್ತಿದ್ದಿರೋ ಹಾಗೇ ಕರೆಯಿರಿ.

ನಮ್ಮ ಕಡೆಯವರಿಗೆ ಒಂದೇ ಭಾಷೆ ಇರುವುದಿಲ್ಲ. ಮನೆಯಲ್ಲಿ ಕನ್ನಡ, ಬೀಗರ ಜೊತೆ ಮರಾಠಿ, ಪೇಟೆಯಲ್ಲಿ ಹಿಂದಿಯೋ ಉರ್ದುವೋ, ಕಚೇರಿಯಲ್ಲಿ ಇಂಗ್ಲಿಷ್. ಪೆಟ್ಟು ಬಿದ್ದಮೇಲೆ ಎಲ್ಲ ಭಾಷೆಗಳೂ ಒಂದೇ ಸಮ ಮರಳುವುದಿಲ್ಲ. ಒಬ್ಬರಿಗೆ ತಾಯ್ನುಡಿ ಮೊದಲು ಬರಬಹುದು, ಇನ್ನೊಬ್ಬರಿಗೆ ದಿನಾ ಬಳಸಿದ ಪೇಟೆಯ ನುಡಿ. ಗೆಳೆಯನ ಬಾಯಿಂದ ಮರಾಠಿ ಶಬ್ದ ಬಂತೆಂದರೆ ಅದನ್ನೇ ಹಿಡಿದು ಮುಂದೆ ಹೋಗಿರಿ, ಕನ್ನಡದಲ್ಲಿ ಹೇಳು ಅಂತ ಪಟ್ಟು ಹಿಡಿಯುವ ಹೊತ್ತು ಇದಲ್ಲ. ಕನ್ನಡದವರ ತೊಡಕನ್ನು ಕನ್ನಡದಲ್ಲೇ ಅಳೆಯುವ ಪರೀಕ್ಷೆಗಳು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ರೂಪುಗೊಂಡಿವೆ. ಮೈಸೂರಿಗೇ ಹೋಗಬೇಕೆಂದಿಲ್ಲ, ಧಾರವಾಡದಲ್ಲಿಯೇ ಜೆ.ಎಸ್.ಎಸ್. ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಆರು ತಿಂಗಳಾದಮೇಲೆ ಇನ್ನೇನೂ ಆಗುವುದಿಲ್ಲ ಅನ್ನುವ ಮಾತನ್ನು ಬಹಳ ಜನ ನಂಬಿದ್ದಾರೆ. ಮೊದಲ ತಿಂಗಳುಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ ಎಂಬುದು ನಿಜ, ಆದರೆ ವರ್ಷಗಳ ನಂತರವೂ ಮಾತು ಮುಂದುವರಿದವರಿದ್ದಾರೆ. ಆ ವರ್ಷಗಳಲ್ಲಿ ಮಾತಾಡಲು ಒಬ್ಬರು ಎದುರಿಗಿರಬೇಕಲ್ಲ?

ಫೋನು ಇವರಿಗೆ ದೊಡ್ಡ ಶತ್ರು. ಮುಖ ಕಾಣುವುದಿಲ್ಲ, ಕೈಸನ್ನೆ ಇಲ್ಲ, ಆ ಕಡೆಯವರು "ಹಲೋ ಹಲೋ" ಅಂತ ಇಟ್ಟೇಬಿಡುತ್ತಾರೆ. ವಿಡಿಯೋ ಕಾಲ್ ಎಷ್ಟೋ ವಾಸಿ. ವಾಟ್ಸಾಪಿನಲ್ಲಿ ಮಾರುದ್ದದ ಸಂದೇಶದ ಬದಲು ಒಂದು ಫೋಟೋ ಕಳಿಸಿರಿ: ಉಣಕಲ್ ಕೆರೆ ತುಂಬಿದ್ದು, ಹಳೆಯ ಶಾಲೆಯ ಕಟ್ಟಡ. ಅವರಿಂದ ಒಂದು ಹೆಬ್ಬೆರಳಿನ ಗುರುತು ಬಂದರೆ ಅದೇ ಉತ್ತರ. ಹಾಗೆ ನೋಡಿದರೆ ರೇಡಿಯೋ ಕೂಡ ಅವರಿಗೆ ಸುಲಭವಲ್ಲ. ನನ್ನ ಮುಖ ಕಾಣದು, ತಿಳಿಯದಿದ್ದರೆ ನಿಲ್ಲಿಸಿ ಕೇಳುವ ಹಾಗಿಲ್ಲ. ಅಂಥವರು ಯಾರಾದರೂ ಈಗ ಕೇಳುತ್ತಿದ್ದರೆ ಅವರಿಗೆ ನನ್ನ ವಿಶೇಷ ನಮಸ್ಕಾರ. ಅವರ ಪಕ್ಕದಲ್ಲಿ ಕೂತವರು ಆಮೇಲೆ ಇದನ್ನು ಸಾವಕಾಶವಾಗಿ ತಿಳಿಸಿಕೊಡಲಿ.

ಹೊರಗೆ ಹೋಗುವುದಕ್ಕೂ ಅಂಜಿಕೆ ಇರುತ್ತದೆ. ಕಾಲೆಳೆದು ನಡೆದು, ಮಾತು ತೊಡರಿದರೆ ಕುಡಿದವರೆಂದು ತಿಳಿಯುವ ಜನ ಇದ್ದಾರೆ. ಅವರ ಜೇಬಿನಲ್ಲಿ ಒಂದು ಚೀಟಿ ಇಡಿರಿ: "ನನಗೆ ಲಕ್ವಾ ಆಗಿ ಮಾತಿಗೆ ತೊಡಕಾಗಿದೆ. ನನಗೆ ತಿಳಿಯುತ್ತದೆ. ಸ್ವಲ್ಪ ಸಾವಕಾಶ ಮಾಡಿರಿ." ಚಿಗರಿ ಬಸ್ಸಿನ ಟಿಕೆಟ್ ಕಿಂಡಿಯಲ್ಲಿ, ಔಷಧಿ ಅಂಗಡಿಯಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಕಾನೂನೂ ಇವರನ್ನು ಮರೆತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಮಾತು ಮತ್ತು ಭಾಷೆಯ ವೈಕಲ್ಯವೂ ಒಂದು, ಅದರ ವಿವರಣೆಯಲ್ಲಿ ಅಫೇಸಿಯಾದ ಹೆಸರೇ ಇದೆ. ತೊಡಕು ಶಾಶ್ವತವಾಗಿ ಉಳಿದಿದ್ದರೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಕೈಕಾಲು ನೆಟ್ಟಗಿದ್ದರೆ ಅಂಗವೈಕಲ್ಯ ಎಲ್ಲಿ ಬಂತು ಅಂತ ಯಾರಾದರೂ ಕೇಳಿದರೆ ಈ ಕಾಯ್ದೆಯ ಹೆಸರು ಹೇಳಿರಿ.

ಸ್ವೀಡನ್ನಿನ ಕವಿ ಟೊಮಾಸ್ ಟ್ರಾನ್ಸ್‌ಟ್ರೋಮರ್ ಅವರಿಗೆ 1990ರಲ್ಲಿ ಲಕ್ವಾ ಆಯಿತು. ಬಲಗೈ ಬಿತ್ತು, ಮಾತು ಬಹುತೇಕ ಹೋಯಿತು. ಅವರು ಮೊದಲಿನಿಂದಲೂ ಪಿಯಾನೋ ಬಾರಿಸುವವರು. ಆಮೇಲೆ ಎಡಗೈ ಒಂದರಿಂದಲೇ ಬಾರಿಸತೊಡಗಿದರು. ಅವರಿಗಾಗಿಯೇ ಸಂಗೀತಗಾರರು ಎಡಗೈಗೆ ಒಗ್ಗುವ ಹೊಸ ರಚನೆಗಳನ್ನು ಬರೆದು ಕಳಿಸಿದರು. ಮುಂದೆ 1996ರಲ್ಲಿ ಅವರ ಕವನ ಸಂಕಲನ ಬಂತು, 2011ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ನನಗೆ ನೊಬೆಲ್ಲಿಗಿಂತ ಆ ಸಂಗೀತಗಾರರ ಕೆಲಸ ದೊಡ್ಡದಾಗಿ ಕಾಣುತ್ತದೆ. "ಪಾಪ" ಅನ್ನುವುದನ್ನು ಬಿಟ್ಟು, ಆತ ಏನು ಬಾರಿಸಬಲ್ಲನೋ ಅದನ್ನು ಬರೆದುಕೊಟ್ಟರು. ನಮ್ಮ ಬಡಿಗೇರರು ಪಟ್ಟಿ ಕೊರೆದುಕೊಟ್ಟದ್ದೂ ಅದೇ ಜಾತಿಯ ಕೆಲಸ.

ಕೇಳುಗರೇ, ನಿಮ್ಮ ಓಣಿಯಲ್ಲೋ ನಿಮ್ಮ ಹಳೆಯ ಆಫೀಸಿನವರಲ್ಲೋ ಇಂಥ ಒಬ್ಬರು ಇದ್ದೇ ಇರುತ್ತಾರೆ. ಈ ವಾರ ಅವರ ಮನೆಗೆ ಹೋಗಿಬನ್ನಿ. ಬೆಳಗಿನ ಹೊತ್ತು ಹೋದರೆ ಒಳ್ಳೆಯದು, ಸಂಜೆಗೆ ಅವರು ದಣಿದಿರುತ್ತಾರೆ. ಅರ್ಧ ತಾಸು ಸಾಕು. ಬಾಳೆಹಣ್ಣು ಬೇಡ, ಇಸ್ಪೀಟಿನ ಕಟ್ಟೋ, ಹಳೆಯ ಫೋಟೋಗಳೋ, ಕೇರಂ ಬೋರ್ಡೋ ಒಯ್ಯಿರಿ. ಆ ಅರ್ಧ ತಾಸಿನಲ್ಲಿ ಅವರ ಮನೆಯವರಿಗೂ ಪೇಟೆಗೆ ಹೋಗಿಬರಲು ಬಿಡುವು ಸಿಗುತ್ತದೆ. ಹೊರಡುವಾಗ ನೀವು ಮತ್ತೆ ಬರುವ ದಿನ ಯಾವುದೆಂದು ಹಾಳೆಯ ಮೇಲೆ ದೊಡ್ಡದಾಗಿ ಬರೆದು ಕೊಟ್ಟುಬನ್ನಿ. ಬರೆದಮೇಲೆ ತಪ್ಪಿಸಬೇಡಿ.